ಅಳು, ಅಲ್ಲಾಡಬೇಡ

ಮೈದುನ ಬರುವ ದಿನ ಆ ಮನೆಯಲ್ಲಿ ಊರುಗೋಲು ಬೀರುವಿನ ಹಿಂದೆ ಸೇರಬೇಕು. ಅದು ಅತ್ತೆಯ ಕಟ್ಟಪ್ಪಣೆ. "ಅವನ ಮನಸ್ಸು ಹೂವಿನಂಥದ್ದು ಕಣಮ್ಮ. ಆ ಕೋಲು ಕಣ್ಣಿಗೆ ಬಿದ್ರೆ ಎರಡು ದಿನ ಊಟ ಬಿಡ್ತಾನೆ."

ಅಪಘಾತದ ದಿನ ಕಾರು ಓಡಿಸುತ್ತಿದ್ದವನು ಈ ಹೂವಿನಂಥ ಮೈದುನನೇ. ಪಕ್ಕದಲ್ಲಿ ಕೂತಿದ್ದವಳು ಅವನ ಅತ್ತಿಗೆ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಅವನಿಗೆ ಒಂದು ತರಚು ಗಾಯವೂ ಆಗಲಿಲ್ಲ. ಇವಳ ಸೊಂಟದ ಮೂಳೆ ಮುರಿದು, ಕೂಡಿಕೊಂಡ ಮೇಲೂ ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಾಗಿಯೇ ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತದೆ ಗಾದೆ. ಈ ಮನೆಯವರು ಕರುಣಾಳುಗಳು, ಎಮ್ಮೆಗೆ ಆರೈಕೆ ಮಾಡಿದರು. ನೋಡಲು ಬಂದ ನೆಂಟರು ಇವಳ ಮಂಚದ ಪಕ್ಕ ಹಣ್ಣಿಟ್ಟು, ಅವನ ಹೆಗಲ ಮೇಲೆ ಕೈಯಿಟ್ಟರು. ಅವನು ಗೊಳೋ ಎಂದು ಅತ್ತ. ಸಮಾಧಾನ ಮಾಡುವ ಕೆಲಸ ಮಲಗಿದ್ದ ಇವಳ ಪಾಲಿಗೇ ಬಂತು. ಆಮೇಲೂ ಅಷ್ಟೆ, ಇವಳು ನೋವು ಎಂದು ಬಾಯಿ ತೆರೆದರೆ ಸಾಕು, ಅವನು ಕಣ್ಣೊರೆಸಿಕೊಳ್ಳುತ್ತಾ ಎದ್ದು ಹೊರಟುಬಿಡುತ್ತಿದ್ದ.

ಅಪಘಾತದ ಕಥೆಯೂ ಅವನದೇ ಆಯಿತು. ಮೊದಲು ಅಡ್ಡ ಬಂದದ್ದು ನಾಯಿಮರಿ. ಮರುವರ್ಷ ನಾಯಿ. ಈಚೆಗೆ ಅದು ಕರುವಿನಷ್ಟು ಎತ್ತರವಾಗಿತ್ತು. ಹೀಗೇ ಮೇಯಿಸಿದರೆ ಆನೆಯಾಗಲು ತಡವಿಲ್ಲ. ಪಕ್ಕದಲ್ಲೇ ಕೂತಿದ್ದವಳಿಗೆ ಮಾತ್ರ ಆ ಪ್ರಾಣಿ ಕಂಡಿರಲಿಲ್ಲ. ಕಂಡದ್ದು ಮೊಬೈಲಿನಲ್ಲಿ ಹಾಡು ಹುಡುಕುತ್ತಿದ್ದ ಅವನ ಹೆಬ್ಬೆರಳು. ಅವಳಿಗೆ ಬೇರೇನೂ ಬೇಕಿರಲಿಲ್ಲ. ಅಷ್ಟನ್ನು ಅವನ ಬಾಯಿಂದ ಒಮ್ಮೆ ಕೇಳಬೇಕಿತ್ತು. ಕೇಳಲಾಗದೆ ಒಳಗೊಳಗೇ ಕುದಿಯುತ್ತಿದ್ದಳು.

ಆ ಭಾನುವಾರ ಅವನು ಹೊಸ ಪ್ಯಾಂಟಿನ ಅಳತೆ ನೋಡಿಸಲು ಬಂದ. ಕೊರಗಿ ಕೊರಗಿ ಸೊರಗಿಹೋಗಿದ್ದೇನೆ ಎನ್ನುತ್ತಿದ್ದ. ಟೇಪು ಹಿಡಿದು ನೋಡಿದರೆ ಕೊರಗೆಲ್ಲ ಹೊಟ್ಟೆಯ ಸುತ್ತ ಸೇರಿಕೊಂಡಿತ್ತು. ಮೊದಲಾದರೆ ಅವಳು ಮಂಡಿಯೂರಿ ಅಂಚು ಮಡಿಸುತ್ತಿದ್ದಳು. ಈಗ ಅದು ಆಗದ ಮಾತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನನ್ನು ಹತ್ತಿಸಿ ನಿಲ್ಲಿಸಿದಳು. ಪ್ಯಾಂಟಿನ ಎರಡೂ ಬದಿಗೆ, ಸೊಂಟದಿಂದ ಪಾದದವರೆಗೆ, ಗುಂಡುಸೂಜಿ ಚುಚ್ಚುತ್ತಾ ಬಂದಳು.

"ಆ ನಾಯಿ ಯಾವ ಬಣ್ಣ ಇತ್ತೋ?"

ಅವನು ಬೆಚ್ಚಿದ. ಸೂಜಿ ತೊಡೆಗೆ ನಾಟಿತು. "ಅಯ್ಯೋ! ಕರಿ... ಅಲ್ಲ, ಕಂದು. ಅದೆಲ್ಲ ಈಗ ಯಾಕೆ ಅತ್ತಿಗೆ? ನಂಗೆ ಅಳು ಬರುತ್ತೆ."

"ಅಳು. ಅಲ್ಲಾಡಬೇಡ ಅಷ್ಟೆ."

ಇಳಿದು ಓಡುವಂತಿರಲಿಲ್ಲ. ಅವಳು ಮೇಜಿಗೆ ಒರಗಿ ನಿಂತು ಹೇಳಿದಳು. "ನಂಗೆ ದಿನಾ ನೋವಾಗುತ್ತೆ. ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡೋಕೇ ಹೆದರ್ತೀನಿ. ಯಾರಿಗೂ ಗೊತ್ತಾಗ್ಬಾರ್ದು ಅಂತ ನನ್ನ ಪ್ಯಾಂಟಿನ ಒಂದು ಕಾಲು ಗಿಡ್ಡ ಮಾಡಿ ಹೊಲ್ಕೋತೀನಿ. ನಿಂಗೆ ಬೇಜಾರಾಗ್ಬಾರ್ದು ಅಂತ ನೀನು ಬಂದಾಗೆಲ್ಲ ಗೋಡೆ ಹಿಡ್ಕೊಂಡು ನಡೀತೀನಿ. ಸಾಕಾಗಿದೆ ಕಣೋ. ನಿನ್ನ ಮೇಲೆ ಸಿಟ್ಟಿದೆ ನಂಗೆ."

ಅವನ ಕಣ್ಣು ತುಂಬಿ ಬಂತು. ಈ ಸಲ ಅವಳು ಸಮಾಧಾನ ಮಾಡಲಿಲ್ಲ, ಡಬ್ಬಿಯಿಂದ ಇನ್ನೊಂದು ಸೂಜಿ ತೆಗೆದಳು. ಒರೆಸುವವರಿಲ್ಲದ ಕಣ್ಣೀರು ಬೇಗ ನಿಂತುಹೋಯಿತು.

"ನಾಯಿ ಇರ್ಲಿಲ್ಲ ಅತ್ತಿಗೆ," ಎಂದ ಮೆಲ್ಲಗೆ. "ಹಾಡು ಹುಡುಕ್ತಿದ್ದೆ."

ಕಾಲಿನ ನೋವು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಎದೆಯ ಮೇಲಿನ ಕಲ್ಲು ಮಾತ್ರ ಇಳಿದಂತಾಗಿ, ಇಷ್ಟು ದಿನ ತಡೆದಿದ್ದ ಅಳು ಅವಳಿಗೆ ಬಂತು. ಅವನು, "ಕೋಲೆಲ್ಲಿ?" ಎಂದು ಕೇಳಿದ.

"ಬೀರು ಹಿಂದೆ."

ಅವನು ಮೇಜಿನಿಂದ ಇಳಿದ. ಹೆಜ್ಜೆ ಹೆಜ್ಜೆಗೂ ಸೂಜಿ ಚುಚ್ಚಿಸಿಕೊಂಡು, ಅಯ್ಯೋ ಅಮ್ಮಾ ಎನ್ನುತ್ತಾ ಕಾಲೆಳೆದುಕೊಂಡು ನಡೆದ. ಸದ್ದು ಕೇಳಿ ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

"ಅಯ್ಯೋ ಮಗನೇ, ಯಾಕೋ ಕುಂಟ್ತಿದ್ದೀಯ? ಕಾಲು ತುಂಬ ನೋಯ್ತಿದ್ಯೇನೋ?"

ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಈ ಪ್ರಶ್ನೆ ಕೇಳಿಬಂದದ್ದು ಅದೇ ಮೊದಲು.

ಅವನು ಕೋಲನ್ನು ತಂದು ಅತ್ತಿಗೆಯ ಕೈಗೆ ಕೊಟ್ಟ.

"ಅದನ್ನ ಅತ್ತಿಗೇನ ಕೇಳಮ್ಮ," ಎಂದ.