ಹೌದು ಒತ್ತುವವನು

ಉಕ್ಕಿನ ಬಾಗಿಲನ್ನು ಮೂರೇ ಏಟಿಗೆ ರದ್ದಿ ಕಾಗದದಂತೆ ಮಡಚಿ ಎಸೆದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ. ಅಲ್ಲಿದ್ದವರು ಹದಿನೈದಿಪ್ಪತ್ತು ಏಟು ಬಿತ್ತು ಅನ್ನುತ್ತಾರೆ. ಹೊಟ್ಟೆಕಿಚ್ಚಿನವರಿಗೆ ಲೆಕ್ಕ ಬರುವುದಿಲ್ಲ. ಬಾಗಿಲ ಆಚೆ ಕರೆಂಟಿನ ದೊಡ್ಡ ಸ್ವಿಚ್ಚಿತ್ತು. ಈಚೆ, ನನ್ನ ಬೆನ್ನ ಹಿಂದೆ, ನನ್ನ ಅಕ್ಕನ ಗಂಡ ಕಬ್ಬಿಣ ಅಗಿಯುವ ಯಂತ್ರದ ಬಾಯಲ್ಲಿ ಕಾಲು ಸಿಕ್ಕಿಸಿಕೊಂಡು ಕಿರುಚುತ್ತಿದ್ದರು. ಅಂಥ ಹೊತ್ತಿನಲ್ಲಿ ಏಟು ಎಣಿಸುತ್ತ ನಿಂತವರ ಮಾತನ್ನು ನೀವು ನಂಬುತ್ತೀರೋ, ನನ್ನ ಮಾತನ್ನೋ?

ನಮ್ಮದು ಗುಜರಿ ಕಾರ್ಖಾನೆ. ಲಾರಿ, ಫ್ರಿಜ್ಜು, ಹಡಗಿನ ತುಂಡು, ಏನೇ ಬರಲಿ, ನಾನು ಕ್ರೇನಿನಿಂದ ಎತ್ತಿ ಯಂತ್ರದ ಬಾಯಿಗೆ ಹಾಕುತ್ತೇನೆ. ಅದರೊಳಗೆ ಎದುರುಬದುರು ತಿರುಗುವ ಎರಡು ಉರುಳೆಗಳು. ಒಂದೊಂದು ಹಲ್ಲೂ ನನ್ನ ತಲೆಯಷ್ಟು. ನನ್ನ ತಲೆ ಸಣ್ಣದೇನಲ್ಲ. ಒಮ್ಮೆ ಇಡೀ ಬಸ್ಸನ್ನೇ ಹಾಕಿದ್ದೆ, ನುಂಗಿ ತೇಗಿತು. ಹಲ್ಲಿನ ಸಂದಿಗೆ ಏನಾದರೂ ಸಿಕ್ಕಿಕೊಂಡರೆ ಒಳಗಿಳಿದು ಬಿಡಿಸುವ ಫಿಟ್ಟರು ನಮ್ಮ ಭಾವ. ಹಲ್ಲುಜ್ಜುವಷ್ಟು ಸಲೀಸಾಗಿ ಆ ಕೆಲಸ ಮಾಡುತ್ತಿದ್ದರು.

ಇನ್ನು ಫೋನಿನ ವಿಷಯ. ಕಂಪನಿಯವರು ನಮ್ಮ ಫೋನುಗಳಿಗೆ ಆ್ಯಪ್ ತುಂಬತೊಡಗಿದರು. ಹಾಜರಿಗೊಂದು, ರಜೆಗೊಂದು, ಕೈಗವಸು ಹಾಕಿದ್ದೀರಾ ಎಂದು ವಿಚಾರಿಸಲಿಕ್ಕೆ ಒಂದು. ನಿಮ್ಮ ಮನಸ್ಸು ಇವತ್ತು ಹೇಗಿದೆ ಎಂದು ನಗುವ ಮುಖ, ಅಳುವ ಮುಖ ತೋರಿಸುವುದೂ ಒಂದಿತ್ತು. ನಾನು ತಮಾಷೆಗೆ ಅಳುವ ಮುಖ ಒತ್ತಿದೆ. ಸಮಾಧಾನ ಹೇಳುವ ಇನ್ನೊಂದು ಆ್ಯಪ್ ತಾನಾಗಿಯೇ ಬಂದು ಕೂತಿತು. ಹೀಗೆ ಒಟ್ಟು ನಾಲ್ಕು ಸಾವಿರವಾದವು. ಸರಿ, ನಲವತ್ತು ಅಂತಿಟ್ಟುಕೊಳ್ಳಿ. ಯಾವುದನ್ನು ತೆರೆಯಲು ಹೋದರೂ "ಇದು ನೀವೇನಾ?" ಎಂದು ಇನ್ನೊಂದು ಕೇಳುತ್ತಿತ್ತು. ಕೈಯಲ್ಲಿ ದಪ್ಪ ಗವಸು, ಗವಸಿನ ತುಂಬ ಗ್ರೀಸು. ಒತ್ತಲಿಕ್ಕೆಂದು ಗವಸು ತೆಗೆದರೆ ಗವಸಿನ ಆ್ಯಪ್ ಬೈಯುತ್ತಿತ್ತು.

ಕೊನೆಗೆ ನಾವೇ ಒಂದು ಏರ್ಪಾಡು ಮಾಡಿಕೊಂಡೆವು. ನೀರಿನ ಡ್ರಮ್ಮಿನ ಪಕ್ಕ ಹಲಗೆ ನಿಲ್ಲಿಸಿ, ಮೊಳೆ ಹೊಡೆದು, ಎಲ್ಲರ ಫೋನುಗಳನ್ನೂ ಸಾಲಾಗಿ ತೂಗುಹಾಕಿದೆವು. ಒತ್ತುವುದಕ್ಕೆ ನನ್ನ ತಮ್ಮನನ್ನು ಕೂರಿಸಿದೆವು. ಎರಡು ಮಕ್ಕಳ ತಂದೆ, ದಪ್ಪ ಮೀಸೆ, ಆದರೆ ಬೆರಳು ಮಾತ್ರ ಗುಬ್ಬಚ್ಚಿಯ ಕೊಕ್ಕು. ಎಲ್ಲರ ಫೋನಿನ ಗುಟ್ಟಿನ ಅಂಕಿಗಳೂ ಅವನಿಗೆ ಬಾಯಿಪಾಠ. ಫೋನು ಕುಂಯ್ ಎನ್ನುವ ಮೊದಲೇ ಹೌದು ಒತ್ತಿರುತ್ತಿದ್ದ. ಜನ ಅವನಿಗೆ ಒತ್ತುರಾಯ ಎಂದು ಹೆಸರಿಟ್ಟರು. ಸೂಪರ್‌ವೈಸರನಿಗೆ ಇದೆಲ್ಲ ಗೊತ್ತಿತ್ತು. ಕೇಳಿದ ತಕ್ಷಣ ಉತ್ತರ ಕೊಡುವುದರಲ್ಲಿ ನಮ್ಮ ಕಾರ್ಖಾನೆಯೇ ಮೊದಲೆಂದು ಮೇಲಿನವರು ಅವನಿಗೆ ಪ್ರಶಸ್ತಿಪತ್ರ ಕೊಟ್ಟಿದ್ದರು. ಅದಕ್ಕೆ ಗಾಜು ಹಾಕಿಸಿ ತನ್ನ ತಲೆಯ ಮೇಲೆಯೇ ತೂಗುಹಾಕಿಕೊಂಡಿದ್ದ.

ಆ ದಿನ ಊಟ ಮುಗಿಸಿ ಎದ್ದಾಗ ಯಂತ್ರದ ಹಲ್ಲಿಗೆ ಲಾರಿಯ ಚಕ್ರದ ಅಚ್ಚು ಸಿಕ್ಕಿಕೊಂಡಿತ್ತು. ಭಾವ ಯಂತ್ರ ನಿಲ್ಲಿಸಿ, ಕಬ್ಬಿಣದ ಹಾರೆ ಹಿಡಿದು ಅಂಚಿನ ಮೇಲೆ ಹತ್ತಿದರು.

"ಲೋ ಒತ್ತುರಾಯ, ನಾನು ಒಳಗಿಳೀತಿದೀನಿ. ಬೀಗ ಹಾಕು!"

ಬೀಗವೂ ಆ್ಯಪಿನಲ್ಲೇ ಇತ್ತು. ಭಾವನ ಫೋನಿನಿಂದ ಬೀಗ ಹಾಕಿದರೆ, ಅದೇ ಫೋನಿನಿಂದ ತೆಗೆಯುವವರೆಗೆ ಯಂತ್ರ ಅಲುಗಾಡಬಾರದು.

"ಹಾಕಾಯ್ತು ಭಾವ! ನೀವು ಇಳೀರಿ!"

ಭಾವ ಇಳಿದರು. ನಾನು ಕ್ರೇನಿನ ಮೇಲೆ ಕೂತು ಕಡ್ಡಿಯಿಂದ ನನ್ನ ಹಲ್ಲಿನ ಸಂದಿ ಕೆದಕುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಕ್ರೇನಿನ ಅಯಸ್ಕಾಂತ ಹಿಡಿತ ಬಿಟ್ಟಿತು. ತೂಗುತ್ತಿದ್ದ ಕಾರು ನೆಲಕ್ಕೆ ಅಪ್ಪಳಿಸಿತು. ಗಾಜಿನ ಚೂರು ನಾಲ್ಕು ದಿಕ್ಕಿಗೂ ಹಾರಿ, ತಕ್ಕಡಿಯ ಹತ್ತಿರ ನಿಂತಿದ್ದ ತೂಕದವನ ಕೆನ್ನೆ ಸೀಳಿತು. ನಾನು ಹಿಡಿಕೆ ಮುಟ್ಟಿರಲಿಲ್ಲ. ಸಾಮಾನು ಸಾಗಿಸುವ ಪಟ್ಟಿ ಹಿಂದುಮುಂದಾಗಿ ಓಡತೊಡಗಿತು. ಆಮೇಲೆ ಆ ಸದ್ದು ಕೇಳಿಸಿತು. ಉರುಳೆಗಳು ತಿರುಗುವ ಸದ್ದು.

ಭಾವ ಕೂಗಿದ್ದು ಮನುಷ್ಯರ ಕೂಗಲ್ಲ.

ನಾನು ಕ್ರೇನಿನ ಮೇಲಿಂದ ಹಾರಿದೆ. ಮೂರು ಮಾಳಿಗೆ ಎತ್ತರ, ಬೆಕ್ಕಿನಂತೆ ನಿಂತೆ. ಓಡಿ ನೋಡಿದರೆ ಭಾವನ ಎಡ ಬೂಟು ಎರಡು ಹಲ್ಲಿನ ನಡುವೆ ಹೋಗಿತ್ತು. ಹಾರೆಯನ್ನು ಅಡ್ಡ ಕೊಟ್ಟು, ಅದಕ್ಕೆ ಜೋತುಬಿದ್ದು, ಮೈಯನ್ನೆಲ್ಲ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಯಂತ್ರ ಕೆಳಕ್ಕೆ ಎಳೆಯುತ್ತಿತ್ತು. ಅದಕ್ಕೆ ಅವಸರವೇ ಇರಲಿಲ್ಲ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಕೆಂಪು ಗುಂಡಿಗೆ ಗುದ್ದಿದೆ. ಹಿಂದೆಲ್ಲ ಗುದ್ದಿದರೆ ಎಲ್ಲವೂ ನಿಲ್ಲುತ್ತಿತ್ತು. ಅದನ್ನೂ ಕಂಪ್ಯೂಟರಿಗೆ ಜೋಡಿಸಿದ್ದರು. ಪಕ್ಕದ ಪರದೆಯ ಮೇಲೆ ಅಕ್ಷರ ಮೂಡಿತು: "ನಿಲ್ಲಿಸಲು ಕಾರಣ ಆರಿಸಿ." ನಾನು ಆರಿಸಿದೆ. ಮುಷ್ಟಿಯಿಂದ. ಪರದೆ ಒಡೆದು ನನ್ನ ಬೆರಳ ಗಂಟಿಗೆ ಚುಚ್ಚಿಕೊಂಡಿತೇ ಹೊರತು ಯಂತ್ರ ನಿಲ್ಲಲಿಲ್ಲ.

ಕರೆಂಟಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಸೂಪರ್‌ವೈಸರ್ ನಿಂತಿದ್ದ. ಬೆವರು ಸುರಿಯುತ್ತಿತ್ತು, ಕಣ್ಣು ಫೋನಿನ ಮೇಲಿತ್ತು.

"ಬಾಗಿಲು ತೆಗೀರಿ!"

"ತೆಗಿಯಕ್ಕಾಗಲ್ಲ, ಬೀಗಾನೂ ಅವರ ಕೈಲಿದೆ. ಯಾರೋ ಕಳ್ಳರು ಒಳಗೆ ಬಂದಿದಾರೆ, ಕಂಪ್ಯೂಟರ್ ಒಳಗೆ. ಮಾತಾಡಬೇಕಾದ್ರೆ ಈ ಆ್ಯಪ್ ಹಾಕ್ಕೊಳ್ಳಿ ಅಂತ ಕಳಿಸಿದಾರೆ. ಹಾಕ್ಕೊತಾ ಇದೀನಿ, ಇನ್ನೊಂದು ಚೂರು ಬಾಕಿ..."

"ಇನ್ನೊಂದು ಆ್ಯಪ್ಪಾ?"

"ಕರೆಂಟ್ ತೆಗೀಬೇಡಿ ಅಂತ ಹೆಡ್ಡಾಫೀಸಿಂದ ಫೋನ್ ಬಂದಿದೆ. ಸಾಕ್ಷಿ ಅಳಿಸಿಹೋಗತ್ತಂತೆ."

ಸಾಕ್ಷಿ ನನ್ನ ಹಿಂದೆ ಅಮ್ಮಾ ಎಂದು ಕೂಗುತ್ತಿತ್ತು. ನಾನು ಸೂಪರ್‌ವೈಸರನ ಮೂತಿಗೆ ಒಂದು ಬಿಟ್ಟೆ. ಅವನು ಹಾರಿ ಹೋಗಿ ಮರಳಿನ ರಾಶಿಯ ಮೇಲೆ ಬಿದ್ದ. ಆ ರಾಶಿ ಅರ್ಧ ಮೈಲಿ ದೂರದಲ್ಲಿತ್ತು. ಸುತ್ತಿಗೆ ತೆಗೆದುಕೊಂಡೆ. ಬಾಗಿಲಿನ ಕತೆ ಮೊದಲೇ ಹೇಳಿದ್ದೇನೆ. ಒಳಗೆ ನುಗ್ಗಿ ಸ್ವಿಚ್ಚಿನ ಹಿಡಿಕೆಯನ್ನು ಕೆಳಕ್ಕೆ ಎಳೆದೆ. ಅದು ಬರಲಿಲ್ಲ. ಅದಕ್ಕೂ ಸುತ್ತಿಗೆ ಬೀಸಿದೆ. ನೀಲಿ ಬೆಂಕಿಯೊಂದು ಎದ್ದು ನನ್ನ ಹುಬ್ಬು, ರೆಪ್ಪೆ, ಎರಡು ಅಂಗೈಯ ಚರ್ಮ ಎಲ್ಲವನ್ನೂ ತೆಗೆದುಕೊಂಡು ಹೋಯಿತು. ಕಾರ್ಖಾನೆ ಕತ್ತಲಾಯಿತು. ಉರುಳೆ ನಿಂತಿತು.

ಐದಾರು ಜನ ಸೇರಿ ಉದ್ದದ ಪೈಪು ಸಿಕ್ಕಿಸಿ ಉರುಳೆಯನ್ನು ಹಿಂದಕ್ಕೆ ತಿರುಗಿಸಿದರು. ಮೇಲಕ್ಕೆ ಬಂದದ್ದು ಭಾವ. ಮೊಣಕಾಲಿನ ಕೆಳಗೆ ಏನೂ ಬರಲಿಲ್ಲ. ತೂಕದವನು ತನ್ನ ಬೆಲ್ಟು ಬಿಚ್ಚಿ ಅವರ ತೊಡೆಗೆ ಬಿಗಿದ. ನಾನು ಅವರ ತಲೆ ಹಿಡಿದುಕೊಂಡಿದ್ದೆ. ಇಲ್ಲಿ ನಾನು ಏನನ್ನೂ ಹೆಚ್ಚುಮಾಡಿ ಹೇಳುತ್ತಿಲ್ಲ.

ಆಂಬುಲೆನ್ಸ್ ಹೋದ ಮೇಲೆ ಹಲಗೆಯ ಹತ್ತಿರ ಹೋದೆ. ನನ್ನ ತಮ್ಮ, ಭಾವನ ಫೋನನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದ.

"ಏನೋ ಒತ್ತಿದೆ?"

"ಇದು ನೀವೇನಾ ಅಂತ ಕೇಳ್ತಣ್ಣ."

"ಇಲ್ಲ ಅನ್ನಬೇಕಿತ್ತು!"

"ಅಂದೆ ಅಣ್ಣ. ಇಲ್ಲ ಅಂದ್ರೆ ಮತ್ತೆ ಕೇಳತ್ತೆ. ಮತ್ತೆ ಇಲ್ಲ ಅಂದೆ, ಮತ್ತೆ ಕೇಳ್ತು. ಆ ಕಡೆ ಎಲ್ಲರ ಫೋನೂ ಬಡ್ಕೊತಿತ್ತು. ಹೌದು ಅಂದ್ರೆ ಸುಮ್ಮನಾಗತ್ತೆ. ಯಾವಾಗ್ಲೂ ಸುಮ್ಮನಾಗತ್ತಲ್ಲ... ಹೌದು ಅಂದೆ."

ಭಾವನ ಹೆಸರಿನಲ್ಲಿ ಕಂಪ್ಯೂಟರಿನ ಬಾಗಿಲು ತಟ್ಟುತ್ತಿದ್ದವರು ಆ ಕಳ್ಳರು. ತೆರೆದವನು ನನ್ನ ಒಡಹುಟ್ಟಿದವನು. ಒಳಗೆ ಬಂದವರು ಭಾವನ ಹೆಸರಿನಲ್ಲೇ ಬೀಗ ತೆಗೆದು ತಮ್ಮ ಕೈಚಳಕ ತೋರಿಸಲು ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಓಡಿಸಿದ್ದರು. ಒಳಗೊಬ್ಬ ಮನುಷ್ಯ ಇದ್ದಾನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅವರು ನನ್ನ ಕೈಗೆ ಸಿಗಲಿಲ್ಲ. ತಮ್ಮ ಸಿಕ್ಕಿದ. ಸುಟ್ಟ ಕೈಯಲ್ಲೇ ಬಾರಿಸಿದೆ. ಮೂಗು ಮುರಿಯಿತು. ಕಾಲರ್ ಹಿಡಿದು ಅದೇ ಯಂತ್ರದ ಅಂಚಿನವರೆಗೂ ದರದರ ಎಳೆದುಕೊಂಡು ಹೋದೆ. ಅವನು ಕೈ ಅಡ್ಡ ತರಲಿಲ್ಲ. ನನ್ನನ್ನು ಬಿಡಿಸಲು ನೂರು ಜನ ಬೇಕಾಯಿತು. ಕೆಲಸಕ್ಕಿದ್ದವರೇ ಇಪ್ಪತ್ತು ಜನ ಅನ್ನುವುದು ಬೇರೆ ವಿಷಯ.

ಭಾವ ಬದುಕುತ್ತಾರೋ ಇಲ್ಲವೋ ಎಂದು ಡಾಕ್ಟರೂ ಹೇಳಲಿಲ್ಲ. ಜ್ವರ ಏರಿತು, ಮಾತು ನಿಂತಿತು. ಅಕ್ಕ ವಾರ್ಡಿನ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಳು. ತಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ.

"ಅವನು ಒಳಗೆ ಕಾಲಿಟ್ರೆ ಆ ಕಾಲೂ ಉಳಿಯಲ್ಲ, ಹೇಳಿಬಿಡು," ಅಂದಳು ಅಕ್ಕ.

ನಾನು ಹೇಳಿದೆ. ಅವನು ಕದಲಲಿಲ್ಲ.

ಜ್ವರ ಇಳಿದ ಬೆಳಿಗ್ಗೆ ಭಾವ ಮೊದಲು ನೀರು ಕೇಳಿದರು. ಆಮೇಲೆ ಹೊದಿಕೆ ಎತ್ತಿ ನೋಡಿಕೊಂಡರು. ಬಹಳ ಹೊತ್ತು ನೋಡಿದರು.

"ಒತ್ತುರಾಯ ಎಲ್ಲಿ?"

"ಅವನ ಹೆಸರೆತ್ತಬೇಡಿ," ಅಂದಳು ಅಕ್ಕ.

"ಕರೀರಿ ಅಂದೆ."

ತಮ್ಮ ಅಕ್ಕನ ಕುರ್ಚಿಯ ಪಕ್ಕದಿಂದ ನುಸುಳಿ ಬಂದ. ಮೂಗು ಬದನೆಕಾಯಿಯಂತೆ ಊದಿತ್ತು. ಮಂಚದಿಂದ ದೂರ ನಿಂತ.

"ನನ್ನ ಫೋನ್ ಒತ್ತಿದ್ದು ನೀನೇನಾ?"

"ಹ್ಞೂಂ ಭಾವ."

"ನಾನು ಒಳಗಿದ್ದಾಗ?"

"ಹ್ಞೂಂ."

"ಹತ್ರ ಬಾ. ಇನ್ನೂ ಹತ್ರ. ಬಗ್ಗು."

ಅವನು ಬಗ್ಗಿದ. ಭಾವ ಕೊಟ್ಟ ಕಪಾಳಮೋಕ್ಷಕ್ಕೆ ಔಷಧದ ಬಾಟಲಿಗಳು ನಡುಗಿದವು, ನರ್ಸು ಓಡಿ ಬಂದಳು, ತಮ್ಮನ ತುಟಿ ಒಡೆದು ರಕ್ತ ಹಾಸಿಗೆಯ ಮೇಲೆ ಹನಿಯಿತು. ಅವನು ಬಗ್ಗಿಕೊಂಡೇ ಇದ್ದ, ಇನ್ನೊಂದಕ್ಕೆ. ಭಾವನ ಕೈ ಮತ್ತೆ ಎದ್ದಿತು. ಈ ಸಲ ಅದು ಅವನ ಕುತ್ತಿಗೆಯನ್ನು ಬಳಸಿ ಹಿಡಿದುಕೊಂಡಿತು.

"ಎತ್ಕೋ ನನ್ನ. ಕಕ್ಕಸಿಗೆ ಹೋಗಬೇಕು. ನಿಮ್ಮಕ್ಕನ ಕೈಲಾಗಲ್ಲ, ಈ ಬಡಾಯಿಕೋರನ ಕೈಗಳು ನೋಡಿದ್ರೆ ಬ್ಯಾಂಡೇಜಿನ ಉಂಡೆ."

ತಮ್ಮ ಬಿಕ್ಕುತ್ತಲೇ ಎತ್ತಿಕೊಂಡ. ಬಾಗಿಲಲ್ಲಿ ಅಕ್ಕ ಕೂತೇ ಇದ್ದಳು; ತಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಎದ್ದು ಅಡ್ಡವಿದ್ದ ಕುರ್ಚಿಯನ್ನು ಗೋಡೆಗೆ ಬಡಿಯುವಂತೆ ಒದ್ದಳು.

"ನಿಧಾನ ಕಣೋ ಕತ್ತೆ," ಎಂದು ಭಾವ ಕೂಗಿದರು, "ಉಳಿದಿರೋ ಕಾಲು ಬಾಗಿಲಿಗೆ ತಾಗ್ತಿದೆ!"