ಅರ್ಥ ಸಿಗದ ಗಾಡಿ

ನರ್ಸಮ್ಮ ಕಾರಿನ ಕೀಲಿ ತಿರುಗಿಸಿದ್ದೇ ತಡ, ಸ್ಟಿಯರಿಂಗಿನ ಹಿಂದೆ ಇದ್ದಬದ್ದ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಎಂಜಿನ್ನಿನದು, ಬ್ಯಾಟರಿಯದು, ಬ್ರೇಕಿನದು, ಜೊತೆಗೆ ಗ್ಯಾರೇಜಿನ ಮೇಸ್ತ್ರಿಗೆ ಹೆಸರೇ ಗೊತ್ತಿಲ್ಲದ ಇನ್ನೂ ಕೆಲವು. ಎಂಜಿನ್ ನರಳಿಕೊಂಡು ಚಾಲೂ ಆದ ಮೇಲೂ ಒಂದಾದರೂ ಆರಬೇಕಲ್ಲ?

"ಮನೆ ಬಿಟ್ಟಾಗ ಒಂದೇ ಇತ್ತು. ಇಲ್ಲಿಗೆ ಬರೋ ಹೊತ್ತಿಗೆ ಸಂಸಾರವೇ ಬೆಳೆದುಬಿಟ್ಟಿದೆ," ಎಂದರು ನರ್ಸಮ್ಮ. ನಗುವ ಮಾತೇ, ಆದರೆ ಮುಖದಲ್ಲಿ ನಗು ಇರಲಿಲ್ಲ. ಗುಡ್ಡದ ಮೇಲೆ ಚೊಚ್ಚಲು ಬಸುರಿಯೊಬ್ಬಳಿಗೆ ನೋವು ಶುರುವಾಗಿತ್ತು. ಹೊಟ್ಟೆಯಲ್ಲಿ ಅವಳಿ. ಆಂಬುಲೆನ್ಸು ಆ ಕಿರಿದಾದ ದಾರಿ ಹತ್ತುವುದಿಲ್ಲ. ಮಧ್ಯಾಹ್ನದೊಳಗೆ ಇದೇ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಇಳಿಸಬೇಕು.

ಮೇಸ್ತ್ರಿ ಕಣ್ಣು ಮುಚ್ಚಿ ಬಾನೆಟ್ಟಿನ ಮೇಲೆ ಬಗ್ಗಿ ಕಿವಿಗೊಟ್ಟರು. ಕೇಳಿಯೇ ರೋಗ ಹೇಳುವ ಮನುಷ್ಯ. ವಾಲ್ವಿನ ಕಟಕಟ, ಬೇರಿಂಗಿನ ಗೊಣಗಾಟ ಎಲ್ಲ ಅವರಿಗೆ ಮನೆಯವರ ದನಿಯಷ್ಟೇ ಪರಿಚಯ. ಆದರೆ ದೀಪ ಏನು ಸದ್ದು ಮಾಡೀತು? ಹೋದ ವಾರ ಈ ಗಾಡಿಗೆ ಹೊಸ ಬ್ಯಾಟರಿ ಕೂರಿಸಿದ್ದು ಅವರೇ. ಇವತ್ತು ಅದು ದಾರಿಯಲ್ಲಿ ಕೈಕೊಟ್ಟರೆ ಒಬ್ಬ ತಾಯಿ, ಎರಡು ಕೂಸು.

ಸೊಸೆ ಸ್ಕ್ಯಾನರ್ ತಂದು ಸ್ಟಿಯರಿಂಗಿನ ಕೆಳಗೆ ಚುಚ್ಚಿದಳು. ಮೇಸ್ತ್ರಿಯ ಮಗನಿಗೆ ಎಣ್ಣೆ ವಾಸನೆ ಆಗದು, ಅವನು ಬೇಕರಿ ಇಟ್ಟುಕೊಂಡಿದ್ದಾನೆ. ಗ್ಯಾರೇಜಿಗೆ ದಕ್ಕಿದವಳು ಸೊಸೆ. ವೈರಿನ ಕೆಲಸ ಕಲಿತೇ ಈ ಮನೆಗೆ ಬಂದವಳು. ಆದರೂ ಗಿರಾಕಿಗಳ ಎದುರು ಮಾವನ ಹಿಂದೆಯೇ ನಿಲ್ಲುತ್ತಿದ್ದಳು. ಸ್ಕ್ಯಾನರಿನ ಪರದೆಯ ಮೇಲೆ ದೂರುಗಳು ಸಾಲಾಗಿ ಇಳಿದವು. ಅದೂ ಕೆಟ್ಟಿದೆ, ಇದೂ ಕೆಟ್ಟಿದೆ.

"ಕಂಪ್ಯೂಟರ್ ಡಬ್ಬಿಯೇ ಸುಟ್ಟಿದೆ ಕಣಮ್ಮ. ಬೇರೆ ತರಿಸ್ಬೇಕು," ಎಂದರು ಮೇಸ್ತ್ರಿ.

"ತಡೀರಿ ಮಾವ. ಈ ಯಂತ್ರ ಕೋಣ ಈಯ್ತು ಅನ್ನುತ್ತೆ. ನಾವು ಕೊಟ್ಟಿಗೆಗೆ ಕಟ್ಟೋಕೆ ಹೋಗ್ಬಾರ್ದು."

"ಕೋಣದ ಹೆರಿಗೆಗೆ ಮಾತ್ರ ನನ್ನನ್ನ ಕರೀಬೇಡಿ," ಎಂದರು ನರ್ಸಮ್ಮ. ಈ ಸಲ ನಿಜವಾಗಿ ನಕ್ಕರು.

ಸೊಸೆ ಹೆಡ್‌ಲೈಟು ಹಾಕಿದಳು. ಒಳಗಿನ ದೀಪಗಳು ಮಂಕಾಗಿ ಮಿಣಮಿಣ ಎಂದವು. ಆರಿಸಿದಳು, ಸುಮ್ಮನಾದವು. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಬ್ರೇಕಿನ ದೀಪವೂ ಕುಣಿಯತೊಡಗಿತು. ಮೇಸ್ತ್ರಿಗೆ ತಲೆ ಕೆಟ್ಟುಹೋಯಿತು.

"ಇದೇನು ಹುಚ್ಚಾಟ! ಈ ಗಾಡಿಗೆ ಅರ್ಥವೇ ಇಲ್ಲ!"

ಸೊಸೆ ಗಕ್ಕನೆ ತಿರುಗಿದಳು. "ಏನಂದ್ರಿ?"

"ಅರ್ಥ ಇಲ್ಲ ಅಂದೆ."

"ಅದೇ ಮಾವ! ನಂಗೂ ಅದೇ ಅನುಮಾನ. ಅರ್ಥ್ ಇಲ್ಲ!"

ಗ್ಯಾರೇಜಿನವರ ಬಾಯಲ್ಲಿ ಅರ್ಥ್ ಅಂದರೆ ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ದಪ್ಪ ಕಪ್ಪು ವೈರು. ಹೋದ ಕರೆಂಟು ತಿರುಗಿ ಮನೆಗೆ ಬರುವ ದಾರಿ ಅದು. ಆ ದಾರಿ ಕಟ್ಟಿಹೋದರೆ ಒಂದು ದೀಪದ ಕರೆಂಟು ಇನ್ನೊಂದರ ಓಣಿಗೆ ನುಗ್ಗುತ್ತದೆ. ಸೊಸೆ ಎಂಜಿನ್ ಆರಿಸಿ, ಉದ್ದನೆಯ ಕೇಬಲ್ಲೊಂದನ್ನು ತಂದು, ಒಂದು ತುದಿಯನ್ನು ಬ್ಯಾಟರಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಕಚ್ಚಿಸಿದಳು. "ಈಗ ಚಾಲೂ ಮಾಡಿ, ನರ್ಸಮ್ಮ."

ಎಂಜಿನ್ ಒಂದೇ ಉಸಿರಿಗೆ ಎದ್ದಿತು. ದೀಪಗಳು ಒಂದೊಂದಾಗಿ ಆರಿದವು. ಎಂಥ ಹುಡುಗಿ ಅನ್ನಿಸಿತು ಮೇಸ್ತ್ರಿಗೆ. ಒಂದು ನಟ್ಟು ಬಿಚ್ಚಲಿಲ್ಲ, ಒಂದು ಸಾಮಾನು ಬದಲಿಸಲಿಲ್ಲ. ತಾವಾಗಿದ್ದರೆ ಬೆಟ್ಟ ಅಗೆದ ಹಾಗೆ ಇಡೀ ಗಾಡಿ ಕಳಚಿ ಹರವಿಬಿಡುತ್ತಿದ್ದರು, ಆಮೇಲೆ ಇಲಿ ಸಿಕ್ಕರೆ ಸಿಕ್ಕಿತು.

ಅವಳು ಎಂಜಿನ್ ಆರಿಸಲು ಹೇಳಿ, ಬ್ಯಾಟರಿ ಎತ್ತಿ, ಅರ್ಥ್ ವೈರಿನ ಬೋಲ್ಟು ಬಿಚ್ಚಿದಳು. ಬಿಚ್ಚಿದವಳು ಹಾಗೇ ನಿಂತಳು. ಮೇಸ್ತ್ರಿ ಇಣುಕಿದರು. ವೈರು ಕೂರುವ ಜಾಗದಲ್ಲಿ ಕನ್ನಡಿಯಂಥ ಕಪ್ಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಹೋದ ವಾರ ಬ್ಯಾಟರಿ ಕೂರಿಸುವಾಗ ಅವರಿಗೆ ಕೆಳಗೆ ತುಕ್ಕು ಕಂಡಿತ್ತು. ಅಚ್ಚುಕಟ್ಟಿನ ಮನುಷ್ಯ, ತಡೆಯಲಾರದೆ ಕೆರೆದು ದಪ್ಪಗೆ ಬಣ್ಣ ಬಳಿದಿದ್ದರು. ಬಣ್ಣದ ಮೇಲೆ ವೈರು ಕೂರಿಸಿದರೆ ಕರೆಂಟು ಎಲ್ಲಿಂದ ದಾಟೀತು? ಇಷ್ಟು ದಿನ ಬೋಲ್ಟಿನ ತಿರುಪಿನ ಸಂದಿಯಲ್ಲಿ ಹೇಗೋ ನುಸುಳಿದೆ. ಮಾಡಿದ್ದುಣ್ಣೋ ಮಹಾರಾಯ.

ಸೊಸೆ ಉಪ್ಪುಕಾಗದ ತಗೊಂಡು ಬಿಳಿ ಲೋಹ ಕಾಣುವ ತನಕ ಉಜ್ಜಿದಳು. ಅವಸರ ಎಷ್ಟಿದ್ದರೂ ಅವಳ ಕೈಗೆ ಅವಸರವಿರಲಿಲ್ಲ. ವೈರು ಬಿಗಿದಳು, ಬ್ಯಾಟರಿ ಕೂರಿಸಿದಳು, ಸ್ಕ್ಯಾನರಿನಲ್ಲಿ ಹಳೆಯ ದೂರುಗಳನ್ನು ಅಳಿಸಿದಳು.

"ಯಾಕೆ ಹೀಗಾಯ್ತು?" ನರ್ಸಮ್ಮ ಕೇಳಿದರು.

"ವೈರು ಸರಿಯಾಗಿ ಕೂತಿರಲಿಲ್ಲ. ಗಾಡಿ ಅಂದ್ಮೇಲೆ ಇದೆಲ್ಲ ಇದ್ದದ್ದೇ," ಎಂದಳು ಸೊಸೆ, ಮಾವನ ಕಡೆ ನೋಡದೆ.

ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಸೊಸೆ ಉಳಿಸಿಕೊಟ್ಟ ಮಾನ, ಇಟ್ಟುಕೊಂಡರೆ ತಮ್ಮದೇ. ಮೇಸ್ತ್ರಿ ನರ್ಸಮ್ಮನ ಕಡೆ ತಿರುಗಿದರು.

"ಕೂರದಂಗೆ ಮಾಡಿದ್ದು ನಾನು, ನರ್ಸಮ್ಮ. ಅದರಡಿಗೆ ಬಣ್ಣ ಹೊಡೆದುಬಿಟ್ಟಿದ್ದೆ. ನನಗೆ ತಿಳೀಲಿಲ್ಲ. ಇವಳು ಹಿಡಿದಳು."

ನರ್ಸಮ್ಮ ಅವರನ್ನೊಮ್ಮೆ, ಬ್ಯಾಟರಿಯ ಸುತ್ತ ಉಳಿದ ಬಣ್ಣದ ಮಿರುಗನ್ನೊಮ್ಮೆ ನೋಡಿದರು. "ಇಷ್ಟು ಚೆಂದವಾಗಿ ಕೆಡಿಸೋಕೂ ನೀವೇ ಆಗ್ಬೇಕು ಬಿಡಿ," ಎಂದು ಸೀಟಿಗೆ ಹತ್ತಿದರು. ಕೀಲಿ ತಿರುಗಿತು. ದೀಪಗಳು ಹೊತ್ತಿದವು, ಆರಿದವು. ಒಂದೂ ಉಳಿಯಲಿಲ್ಲ.

"ದಾರೀಲಿ ಮತ್ತೆ ಹತ್ತಿಕೊಂಡ್ರೆ ನಿಮಗೇ ಫೋನ್ ಮಾಡ್ತೀನಿ ಮೇಸ್ತ್ರಿಗಳೇ."

"ನನಗೆ ಬೇಡ, ಇವಳಿಗೆ ಮಾಡಿ. ನಂಬರ್ ಬರ್ಕೊಳ್ಳಿ."

ನರ್ಸಮ್ಮ ಸೊಸೆಯ ನಂಬರ್ ಒತ್ತಿಕೊಂಡು ಬೆರಳು ತಡೆದರು. "ಹೆಸರು ಏನಂತ ಹಾಕ್ಲಿ?"

"ಮೇಸ್ತ್ರಿ ಅಂತಲೇ ಹಾಕಿ."

"ಅದು ನಿಮ್ಮದಿದೆಯಲ್ಲ?"

"ನನ್ನದನ್ನ ಮೇಸ್ತ್ರಿಯ ಮಾವ ಅಂತ ಮಾಡ್ಕೊಳ್ಳಿ. ಹೊರಡಿ, ಹೊತ್ತಾಯ್ತು."

ಕಾರು ಗುಡ್ಡದ ದಾರಿಗೆ ತಿರುಗಿತು. ಮೇಸ್ತ್ರಿ ಸದ್ದು ಸಣ್ಣಗಾಗುವ ತನಕ ಕೇಳುತ್ತ ನಿಂತು, ಆಮೇಲೆ ಒಳಗೆ ಬಂದರು. ಸೊಸೆ ತಲೆ ಎತ್ತಲಿಲ್ಲ. ಆಗಲೇ ಒರೆಸಿಟ್ಟಿದ್ದ ಸ್ಪ್ಯಾನರನ್ನು ಕೈಗೆತ್ತಿಕೊಂಡು ಮತ್ತೆ ಒರೆಸುತ್ತಿದ್ದಳು.