ಎಷ್ಟು ನೋವೆಂದರೆ

"ಹೌ ಮಚ್ ಪೇನ್?" ಎಂದು ಡಾಕ್ಟರು ಎರಡನೆಯ ಸಲ ಕೇಳಿದಾಗಲೂ ಪಾರ್ವತಮ್ಮ ಸೊಸೆಯ ಮುಖವನ್ನೇ ನೋಡಿದರು.

"ನೋವು ಎಷ್ಟದೆ ಅಂತ ಕೇಳ್ತಾವ್ರೆ ಅತ್ತೆ," ಎಂದಳು ರಕ್ಷಿತಾ.

"ಅದೆ ಸ್ವಲ್ಪ. ಅಂಥಾದ್ದೇನಿಲ್ಲ ಅನ್ನು. ಪಾಪ, ಹೊರಗೆ ಎಷ್ಟೊಂದು ಜನ ಕಾಯ್ತಾ ಕೂತವ್ರೆ."

ಕುವೆಂಪುನಗರದ ಆ ಕ್ಲಿನಿಕ್ಕಿನ ಹಳೆಯ ಡಾಕ್ಟರು ರಜದ ಮೇಲಿದ್ದರು. ಅವರಾಗಿದ್ದರೆ ಪಾರ್ವತಮ್ಮನ 'ಸ್ವಲ್ಪ'ಕ್ಕೆ ನಕ್ಕು, ಅದನ್ನು ನಾಲ್ಕರಿಂದ ಗುಣಿಸಿಕೊಳ್ಳುತ್ತಿದ್ದರು. ಅವರ ಜಾಗದಲ್ಲಿದ್ದ ಎಳೆಯ ಡಾಕ್ಟರು ಉತ್ತರ ಭಾರತದ ಕಡೆಯವರು, ಕನ್ನಡ ಬಾರದು. ರಕ್ಷಿತಾಳಿಗೆ ಹಿಂದಿ ಬಾರದು. ನಡುವೆ ಉಳಿದದ್ದು, ದಟ್ಟಗಳ್ಳಿಯಲ್ಲಿ ಬಿಂದುಶ್ರೀ ಮೇಡಮ್ಮಿನ ಮನೆಪಾಠಕ್ಕೆ ಹೋಗಿ ಅವಳು ಕಲಿಯುತ್ತಿದ್ದ ಇಂಗ್ಲಿಷು.

"ಲಿಟ್ಲ್ ಪೇನ್, ಶಿ ಸೇಯಿಂಗ್."

ಸುಳ್ಳಲ್ಲ, ಅತ್ತೆ ಅಂದದ್ದೇ ಅದು. ಆದರೂ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ವೇಲಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಡಾಕ್ಟರು ಎಡಭುಜ ಒತ್ತಿ ನೋಡಿ, "ಮಸಲ್ ಪೇನ್," ಎಂದು ಚೀಟಿ ಬರೆಯತೊಡಗಿದರು.

"ಸರ್, ವೆರಿ... ವೆರಿ ಪೇನ್."

"ಲಿಟ್ಲ್ ಆರ್ ವೆರಿ?" ಅವರು ತಲೆಯೆತ್ತದೆ ನಕ್ಕರು.

ಬೆಳಗ್ಗೆ ಪೂಜೆಗೆ ಕೂತಿದ್ದ ಅತ್ತೆಯ ವಚನ ನಡುವೆಯೇ ನಿಂತುಹೋಗಿತ್ತು. ಮಾವ ತೀರಿಕೊಂಡ ಮರುದಿನವೂ ನಿಲ್ಲದ ದನಿ ಅದು. ಒಲೆ ಆರಿಸಿ ಓಡಿದ ರಕ್ಷಿತಾ ಕಂಡದ್ದು, ಬೆವರಿಗೆ ಕರಗಿ ಹುಬ್ಬಿಗಿಳಿದ ವಿಭೂತಿ. ಇಷ್ಟಲಿಂಗ ಹಿಡಿದ ಎಡಗೈ ತೊಡೆಯ ಮೇಲೆ ಕುಸಿದಿತ್ತು. "ಯಾರಿಗೂ ಹೇಳ್ಬ್ಯಾಡ ಕಣಮ್ಮ, ಚಂದ್ರಮೌಳಿಗೂ. ಪೂಜೆ ಅರ್ಧಕ್ಕೆ ಬುಟ್ಟೋಳು ಅನ್ನಿಸ್ಕೊಂಡು ನಾನಿರಲಾರೆ," ಎಂದಿದ್ದರು. ಗಂಡನಿಗೂ ಹೇಳುವುದಿಲ್ಲವೆಂದು ರಕ್ಷಿತಾ ಲಿಂಗದ ಮುಂದೆಯೇ ಆಣೆ ಮಾಡಿದ್ದಳು. ಅತ್ತೆಯ ಭುಜ ಉಳುಕಿದೆಯೆಂದು ಅವನಿಗೆ ನೆವ ಹೇಳಿ, ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಿದ್ದಳು.

ಚೀಟಿ ಮುಗಿಯುತ್ತ ಬಂದಿತ್ತು.

"ವೆರಿ ವೆರಿ ಅಂತ ಬಡ್ಕೋಬೇಡ್ರಮ್ಮ," ಎನ್ನುತ್ತಿದ್ದರು ಬಿಂದುಶ್ರೀ. "ಎಷ್ಟು ಅಂತ ಹೇಳೋಕೆ ಬರ್ದಿದ್ರೆ, ಅದರಿಂದ ಏನಾಯ್ತು ಅಂತ ಹೇಳಿ. ಸೋ ಮಚ್ ದಟ್!" ಒಂದು ದಿನ ಇಡೀ ಕ್ಲಾಸಿನ ಹೆಂಗಸರು, ಎತ್ತಲಾರದಷ್ಟು ಭಾರವೆಂದು ಗ್ಯಾಸ್ ಸಿಲಿಂಡರಿನ ಮೇಲೆಯೇ ವಾಕ್ಯ ಮಾಡಿ ನಕ್ಕಿದ್ದರು.

ರಕ್ಷಿತಾ ಎದ್ದು ನಿಂತಳು.

"ಸರ್, ಸೋ ಮಚ್ ಪೇನ್ ದಟ್... ಮಾರ್ನಿಂಗ್ ಶಿ ಸ್ಟಾಪ್ಡ್ ಪೂಜಾ. ಹ್ಯಾಂಡ್ ಫಾಲಿಂಗ್. ಫುಲ್ ಸ್ವೆಟ್. ಹೋಲ್ ಲೈಫ್ ನೆವರ್ ಸ್ಟಾಪ್ಡ್, ಸರ್."

ಪೂಜೆಯ ಮಾತು ಕಿವಿಗೆ ಬಿದ್ದದ್ದೇ ಪಾರ್ವತಮ್ಮ ತಟ್ಟನೆ ತಿರುಗಿದರು. ಮಿಕ್ಕದ್ದು ಅವರಿಗೆ ತಿಳಿಯಬೇಕಾಗಿರಲಿಲ್ಲ.

"ಸ್ವೆಟಿಂಗ್?" ಡಾಕ್ಟರು ಪೆನ್ನು ಬಿಟ್ಟು ಎದ್ದೇಬಿಟ್ಟರು. ಬಾಗಿಲಿಗೆ ಹೋಗಿ, "ಸಿಸ್ಟರ್, ಇಸಿಜಿ! ಫಾಸ್ಟ್!" ಎಂದು ಕೂಗಿದರು.

"ಹೇಳ್ಬುಟ್ಟೆಯಲ್ಲ," ಎಂದರು ಪಾರ್ವತಮ್ಮ, ಮೆಲ್ಲಗೆ.

"ಬಯ್ಯಿ ಅತ್ತೆ, ಬೈಸ್ಕೋತೀನಿ. ಈಗ ಏಳಿ."

ಒಳಕೋಣೆಯ ಮಂಚದ ಮೇಲೆ ಅಂಗಾತ ಮಲಗಿದ ಪಾರ್ವತಮ್ಮ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿಕೊಂಡರು. ನರ್ಸು ಚಲುವಮ್ಮ ಕೈಗೆ, ಕಾಲಿಗೆ, ಎದೆಗೆ ವೈರು ಸಿಕ್ಕಿಸುತ್ತ ಕೇಳಿದಳು: "ಈಗ್ಲೂ ನೋವು ಅದಾ ಅವ್ವ? ಎಷ್ಟದೆ? ನಿಜ ಹೇಳಿ."

ಪಾರ್ವತಮ್ಮ ಗೋಡೆಯತ್ತಲೇ ನೋಡುತ್ತ ಹೇಳಿದರು:

"ನನ್ನೇನ್ ಕೇಳೀಯೆ ತಾಯಿ? ಅವಳ್ನ ಕೇಳು."

ಯಂತ್ರದಿಂದ ಗೆರೆಗೆರೆಯ ಕಾಗದ ಹೊರಬರತೊಡಗಿತು. ಅದನ್ನು ಓದಲು ಬಾರದ ರಕ್ಷಿತಾ ಮಂಚದ ಕೊನೆಗೆ ಬಂದು, ಅತ್ತೆಯ ತಣ್ಣನೆಯ ಪಾದದ ಮೇಲೆ ಕೈಯಿಟ್ಟಳು. ಪಾರ್ವತಮ್ಮ ಮುಖ ತಿರುಗಿಸಲಿಲ್ಲ. ಕಾಲನ್ನೂ ಎಳೆದುಕೊಳ್ಳಲಿಲ್ಲ.